ಮೊದಲು ಅಟ್ಟ, ಆಮೇಲೆ ಏಣಿ

ಕ್ರಿಕೆಟ್ ವರದಿಗಾರರಿಗೆ ವಯಸ್ಸಿನಷ್ಟು ಅಗ್ಗಕ್ಕೆ ಸಿಗುವ ಅಲಂಕಾರ ಬೇರೊಂದಿಲ್ಲ. ರೋಹ್ಟಕ್‌ನ ಶಫಾಲಿ ವರ್ಮಾ 2019ರ ನವೆಂಬರಿನಲ್ಲಿ ಸೇಂಟ್ ಲೂಸಿಯಾದಲ್ಲಿ ವೆಸ್ಟ್ ಇಂಡೀಸ್ ಬೌಲರುಗಳನ್ನು ಚಚ್ಚಿ 49 ಎಸೆತಕ್ಕೆ 73 ಮಾಡಿದಾಗ ಆಕೆಗಿನ್ನೂ 16 ತುಂಬಿರಲಿಲ್ಲ. ಅಂತರರಾಷ್ಟ್ರೀಯ ಅರ್ಧಶತಕ ಹೊಡೆದ ಭಾರತೀಯರಲ್ಲಿ ಅತಿ ಕಿರಿಯ ಎಂದು ಸಚಿನ್ ಹೆಸರಿನಲ್ಲಿ 30 ವರ್ಷ ಇದ್ದ ದಾಖಲೆ ಅಂದು ಈಕೆಯ ಪಾಲಾಯಿತು. ಜೊತೆಗೆ, ಅಕಾಡೆಮಿಗಳು ಹುಡುಗಿಯೆಂದು ಸೇರಿಸಿಕೊಳ್ಳದಾಗ ಅಪ್ಪ ಮಗಳ ಕೂದಲು ಕತ್ತರಿಸಿ ಹುಡುಗರ ನಡುವೆ ಆಡಲು ಬಿಟ್ಟ ಕತೆಯೂ ಪತ್ರಿಕೆಗಳಿಗೆ ಸಿಕ್ಕಿತು. ಎರಡೂ ನಿಜವೇ. ಆದರೆ ಎರಡನ್ನೂ ಛಲದ ಕತೆಯೆಂದಷ್ಟೇ ಓದಿಕೊಂಡು ಬೀಗುವುದು ನನಗೆ ಸರಿಕಾಣುವುದಿಲ್ಲ. ಹುಡುಗಿಯೊಬ್ಬಳು ಹದಿನೈದಕ್ಕೇ ದೇಶದ ತಂಡಕ್ಕೆ ಬಂದಳೆಂದರೆ ಅವಳ ಪ್ರತಿಭೆ ಎಷ್ಟು ದೊಡ್ಡದೋ, ನಡುವೆ ಇರಬೇಕಿದ್ದ ಮೆಟ್ಟಿಲುಗಳ ಕೊರತೆಯೂ ಅಷ್ಟೇ ದೊಡ್ಡದು.

ಸಚಿನ್ನೂ ಹದಿನಾರಕ್ಕೇ ಬರಲಿಲ್ಲವೇ ಎಂದು ಕೇಳುವವರಿದ್ದಾರೆ. ಬಂದ, ನಿಜ. ಅಷ್ಟರಲ್ಲಿ ಮುಂಬೈಯ ಶಾಲಾ ಕ್ರಿಕೆಟ್ಟನ್ನು ಅರೆದು ಕುಡಿದಿದ್ದ. ರಣಜಿಯ ಮೊದಲ ಪಂದ್ಯದಲ್ಲೇ ಶತಕ ಹೊಡೆದು ಆ ಋತುವಿಡೀ ಹಲವು ದಿನಗಳ ಪಂದ್ಯಗಳಲ್ಲಿ ಪಳಗಿದ್ದ. ಶಫಾಲಿಗೆ ಹರಿಯಾಣದ ಪರ ಆಡಿದ ಸೀಮಿತ ಓವರುಗಳ ಪಂದ್ಯಗಳಿದ್ದವು, ಟಿ20 ಚಾಲೆಂಜ್ ಎಂಬ ಪುಟ್ಟ ಟೂರ್ನಿಯೊಂದಿತ್ತು. 2019ರ ಸೆಪ್ಟೆಂಬರಿನಲ್ಲಿ ಹಿರಿಯ ಬ್ಯಾಟರ್ ಮಿಥಾಲಿ ರಾಜ್ ಟಿ20ಗೆ ವಿದಾಯ ಹೇಳಿದರು. ತೆರವಾದ ಆ ಜಾಗಕ್ಕೆ ಬಂದ ಈ ಹುಡುಗಿ ಅದೇ ತಿಂಗಳು ಸೂರತ್‌ನಲ್ಲಿ ಕಣಕ್ಕಿಳಿದು ಸೊನ್ನೆಗೆ ಔಟಾದಳು. ಗಂಡುಹುಡುಗರ 19 ವರ್ಷದೊಳಗಿನ ವಿಶ್ವಕಪ್ ಶುರುವಾದದ್ದು 1988ರಲ್ಲಿ, ಹುಡುಗಿಯರದು 2023ರಲ್ಲಿ. ಅಷ್ಟು ಹೊತ್ತಿಗೆ ಶಫಾಲಿ ಮೂರು ವರ್ಷ ಹಿರಿಯರ ಜೊತೆ ಆಡಿ, ಹಿರಿಯರ ವಿಶ್ವಕಪ್ ಫೈನಲನ್ನೂ ಸೋತು ಬಂದಿದ್ದಳು. ಆಮೇಲೆ ಕಿರಿಯರ ತಂಡದ ನಾಯಕಿಯಾಗಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಆ ಕಪ್ ಗೆದ್ದು ತಂದಳು. ಅಟ್ಟ ಹತ್ತಿಯಾದ ಮೇಲೆ ಏಣಿ ತಂದಿಟ್ಟ ಹಾಗೆ! ಟೆಸ್ಟಿನ ಕತೆ ಇನ್ನೂ ವಿಚಿತ್ರ. 2021ರ ಜೂನ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಮೊದಲ ಟೆಸ್ಟ್ ಆಡಿದ ಆಕೆ 96 ಮತ್ತು 63 ಹೊಡೆದಳು. ಅದಕ್ಕೆ ಮುಂಚೆ ಭಾರತದ ಮಹಿಳೆಯರು ಟೆಸ್ಟ್ ಆಡಿದ್ದು ನಮ್ಮ ಮೈಸೂರಿನಲ್ಲಿ, 2014ರ ನವೆಂಬರಿನಲ್ಲಿ. ಆಗ ಶಫಾಲಿಗೆ 10 ವರ್ಷ.

ಮೆಟ್ಟಿಲಿಲ್ಲದೆಯೂ ಕಲಿತಳಲ್ಲ, ಇನ್ನೇನು ಬೇಕು ಎಂಬುದು ಎರಡನೆಯ ಆಕ್ಷೇಪ. ಕಲಿತದ್ದು ಎಲ್ಲಿ ಎಂದು ನೋಡಬೇಕು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲಿನಲ್ಲಿ, 86,174 ಜನರೆದುರು, ಮೊದಲ ಓವರಿನಲ್ಲೇ ಆಕೆ ಆಸ್ಟ್ರೇಲಿಯಾದ ಅಲಿಸಾ ಹೀಲಿಯ ಕ್ಯಾಚ್ ಬಿಟ್ಟಳು. ಹೀಲಿ 75 ಹೊಡೆದರು. ಬ್ಯಾಟ್ ಹಿಡಿದಾಗ ಶಫಾಲಿ ಎರಡು ರನ್ನಿಗೆ ಔಟ್. ಅದಕ್ಕೆ ಮುಂಚಿನ ನಾಲ್ಕು ಪಂದ್ಯಗಳಲ್ಲಿ 29, 39, 46, 47 ಹೊಡೆದು ತಂಡವನ್ನು ಅಲ್ಲಿಯವರೆಗೆ ತಂದವಳು ಅವಳೇ ಎಂಬುದು ಆ ಸಂಜೆ ಎಷ್ಟು ಜನಕ್ಕೆ ನೆನಪಿತ್ತೋ! ಶಾಲೆ ಮುಗಿಸದ ಹುಡುಗಿ ಮಾಡುವ ಇಂಥ ತಪ್ಪುಗಳನ್ನು ಜಿಲ್ಲಾ ಮೈದಾನವೊಂದು ತಣ್ಣಗೆ ನುಂಗಿಕೊಳ್ಳುತ್ತದೆ. ವಿಶ್ವಕಪ್ ಫೈನಲ್ ನುಂಗಿಕೊಳ್ಳುವುದಿಲ್ಲ. 2024ರ ಕೊನೆಗೆ ಏಕದಿನ ತಂಡದಿಂದ ಕೈಬಿಟ್ಟಾಗ ಶಫಾಲಿ ದೇಶೀಯ ಕ್ರಿಕೆಟ್ಟಿಗೆ ಮರಳಿ ಬಂಗಾಳದ ವಿರುದ್ಧ 115 ಎಸೆತಕ್ಕೆ 197 ಹೊಡೆದಳು. (ಆ ಪಂದ್ಯವನ್ನೂ ಹರಿಯಾಣ ಸೋತಿತು.) 2025ರ ವಿಶ್ವಕಪ್‌ಗೆ ಆರಿಸಿದ ಮೊದಲ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಪ್ರತೀಕಾ ರಾವಲ್ ಗಾಯಗೊಂಡದ್ದರಿಂದ ಬಂದವಳು ಫೈನಲಿನಲ್ಲಿ 87 ರನ್ ಹೊಡೆದು, ಎರಡು ವಿಕೆಟ್ ಕಿತ್ತು, ಪಂದ್ಯಶ್ರೇಷ್ಠೆಯಾದಳು. ಹದಿನೈದಕ್ಕೆ ಆಡಿಸಿದ್ದರ ಫಲವಿದು ಎನ್ನುವವರು ನಡುವಿನ ಆ ದೇಶೀಯ ವರ್ಷವನ್ನು ಲೆಕ್ಕದಿಂದ ಬಿಟ್ಟಿದ್ದಾರೆ.

ನಮ್ಮ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ ಬಂದ ದಾರಿ ಬೇರೆ. 2023ರ ಮಾರ್ಚ್‌ನಲ್ಲಿ ಹೊಸದಾಗಿ ಶುರುವಾದ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್), ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಉದಯೋನ್ಮುಖರ ಏಷ್ಯಾ ಕಪ್, ಡಿಸೆಂಬರಿನಲ್ಲಿ ಭಾರತ ತಂಡ. ಆಗ ಆಕೆಗೆ 21. ಈ ವಯಸ್ಸಿಗೆ ದಾಖಲೆಯೇನೂ ಸಿಗಲಿಲ್ಲ, ಸಿಗಬೇಕಾಗಿಯೂ ಇಲ್ಲ. ಮುಂದಿನ ಸಲ ‘ಅತಿ ಕಿರಿಯ’ ಎಂಬ ತಲೆಬರಹ ಕಂಡಾಗ, ಆ ಹುಡುಗಿ ಅದಕ್ಕೆ ಮುಂಚೆ ಎಲ್ಲೆಲ್ಲಿ, ಎಷ್ಟು ಪಂದ್ಯ ಆಡಿದ್ದಳೆಂದು ಒಮ್ಮೆ ಹುಡುಕಿ ನೋಡಿ.