ಹಣೆಬರಹ ಬರೆದ ಕೈ ಯಾರದು?

ಸಾರಥಿಯಿಂದ ಹರಿಹರ ದೂರವಿಲ್ಲ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ 1938ರಲ್ಲಿ ಹುಟ್ಟಿದ್ದು ಆ ಹರಿಹರದಲ್ಲೇ. ಆದರೂ ನಮ್ಮ ಕೇರಿಗಳಲ್ಲಿ ಇವತ್ತಿಗೂ ಕಿವಿಗೆ ಬೀಳುವ ಮಾತು: “ಹಣ್ಯಾಗ ಬರದದ್ದು ತಪ್ಸಾಕಾಗುತ್ತೇನಪ್ಪ?” ಜೀತದ ಸಾಲದಷ್ಟೇ ಈ ಮಾತೂ ನಮ್ಮ ಬೆನ್ನು ಬಗ್ಗಿಸಿದೆ. ಸಾಲಕ್ಕಾದರೂ ಒಂದು ಲೆಕ್ಕವಿತ್ತು. ಇದಕ್ಕೆ ಅದೂ ಇಲ್ಲ.

ಮಹಾಡದ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಬೇಕೆಂದು ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಬೊಗಸೆಯೊಡ್ಡಿದರು. ಅದೇ ವರ್ಷದ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು. ನೀರು ಮುಟ್ಟಲು ಕೈ ಸಾಕು. ಮುಟ್ಟಿದರೆ ಪಾಪ ಎಂಬ ಅಂಜಿಕೆ ಹೋಗಲು ಆ ಬೆಂಕಿಯೂ ಬೇಕಾಯಿತು.

ನಮ್ಮ ಕಡೆಯ ಮಾತಿಗೆ ಬರೋಣ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮುಳುಗಿ, ಬತ್ತಲೆಯಾಗಿ ರೇಣುಕಾಂಬೆಯ ಗುಡ್ಡ ಹತ್ತುತ್ತಿದ್ದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಹೋದ ಸಂಘರ್ಷ ಸಮಿತಿಯ ಕಾರ್ಯಕರ್ತರಿಗೆ ಏಟು ಬಿತ್ತು, ಪೊಲೀಸರಿಗೂ ಬಿತ್ತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆದರೆ ಹರಕೆ ಹೊತ್ತು ಬಂದವರು ಯಾರು? ಬಹುಪಾಲು ನಮ್ಮವರೇ, ಬಡವರೇ. ಕೂಸು ಬದುಕಲಿ, ಮೈಮೇಲಿನ ಹುಣ್ಣು ಮಾಯಲಿ ಅಂತ ಬಂದವರು. ಆಸ್ಪತ್ರೆ ಇಲ್ಲದ ಊರಲ್ಲಿ ಹರಕೆಯೇ ಔಷಧಿ. ಅವರನ್ನು ಗೇಲಿ ಮಾಡಿದರೆ ಭಯ ಇನ್ನಷ್ಟು ಬಲಿಯುತ್ತದೆ. ಪಕ್ಕದಲ್ಲಿ ಕೂತು ಕೇಳಬೇಕು: “ಅಲ್ಲವ್ವಾ, ತಾಯಿ ನಿನ್ನ ಸೀರೇನೇ ಯಾಕೆ ಕೇಳ್ತಾಳೆ? ದೊಡ್ಡ ಮನೆ ಹೆಣ್ಮಕ್ಕಳ ಸೀರೆ ಯಾಕೆ ಕೇಳಂಗಿಲ್ಲ?”

ಇಲ್ಲಿ ಇನ್ನೊಂದು ಮೋಸವಿದೆ, ಎಚ್ಚರ. “ಮನಸ್ಸು ಬದಲಾಯಿಸಿಕೊಳ್ಳಿ, ಎಲ್ಲ ಸರಿಹೋಗುತ್ತೆ” ಎಂದು ಹೊಲ ಉಳ್ಳವರೂ ನಮಗೆ ಉಪದೇಶ ಮಾಡುತ್ತಾರೆ. ಮನಸ್ಸು ಬಿಡುಗಡೆಯಾದ ಮಾತ್ರಕ್ಕೆ ಹಂಡೆಯಲ್ಲಿ ಅನ್ನ ಬೇಯುವುದಿಲ್ಲ. ಆದರೆ ಕೂಲಿ, ಭೂಮಿ, ಮಾನ ಕೇಳಲು ಎದ್ದು ನಿಲ್ಲಬೇಕಾದವನು, ನಾನು ಕೇಳಬಾರದವನು ಎಂದುಕೊಂಡಿದ್ದರೆ ಏಳುವುದಾದರೂ ಹೇಗೆ? ಒಳಗಿನ ಬಿಡುಗಡೆ ಹೋರಾಟಕ್ಕೆ ಬದಲಿಯಲ್ಲ. ಅದು ಹೋರಾಟದ ಮೊದಲ ಹೆಜ್ಜೆ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಹಣೆಬರಹ ಎನ್ನುವ ಮಗುವಿಗೆ ಕನ್ನಡಿ ಕೊಡೋಣ. ಹಣೆಯ ಮೇಲೆ ಅಕ್ಷರವಿದ್ದರೆ ಅದೇ ಓದಿ ಹೇಳಲಿ. ಇಲ್ಲದಿದ್ದರೆ ಕೈಗೆ ಬಳಪ ಕೊಡೋಣ.