ಬೇಸಿಗೆಯ ಮರು ಓದು

ವೈಶಾಖದ ಬಿಸಿಲು ಏರಿದಂತೆ ಮಕ್ಕಳಿಗೆ ರಜೆ, ಹಿರಿಯರಿಗೆ ನೆರಳಿನ ಆಸರೆ. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಇದು ಮೊದಲಿನಿಂದಲೂ ಗ್ರಂಥಾವಲೋಕನದ ಕಾಲ. ಆದರೆ ಅರವತ್ತೈದು ದಾಟಿದ ಮೇಲೆ ಕಣ್ಣು ಒಂದು ತಾಸಿಗೇ ದಣಿಯುತ್ತದೆ. ಆದುದರಿಂದ ಕಪಾಟಿನ ಮುಂದೆ ನಿಂತಾಗ, ಯಾವುದನ್ನು ಓದಬೇಕು ಎಂಬುದಕ್ಕಿಂತ ಯಾವುದನ್ನು ಇನ್ನೊಮ್ಮೆ ಓದದೆ ಇರಲಾಗದು ಎಂಬ ಪ್ರಶ್ನೆಯೇ ಮುಂದಾಗುತ್ತದೆ.

ಈ ಸಲ ನಾವು ಮೂರನ್ನು ಆರಿಸಿಕೊಂಡಿದ್ದೇವೆ. ಮೊದಲನೆಯದು ರಾಘವಾಂಕನ ಹರಿಶ್ಚಂದ್ರಕಾವ್ಯ. ವಿದ್ಯಾರ್ಥಿದೆಸೆಯಲ್ಲಿ ವಾರ್ಧಕ ಷಟ್ಪದಿಯ ಮಾತ್ರೆಗಳನ್ನು ಬೆರಳಿನಲ್ಲಿ ಎಣಿಸುತ್ತ ಅದನ್ನು ಓದಿದ್ದೆವು. ಆಗ ಅರಸನ ಸತ್ಯನಿಷ್ಠೆಯೇ ಕಾವ್ಯದ ತಿರುಳಾಗಿ ಕಂಡಿತ್ತು. ಇಂದು ಮಗನ ಶವದೊಡನೆ ಸ್ಮಶಾನಕ್ಕೆ ಬಂದ ಚಂದ್ರಮತಿಯೇ ಕಣ್ಣಿಗೆ ಕಟ್ಟುತ್ತಾಳೆ. ಸತ್ಯದ ಬೆಲೆಯನ್ನು ನುಡಿದವನೊಬ್ಬನೇ ಅಲ್ಲ, ಅವನ ಮನೆಯವರೂ ತೆರುತ್ತಾರೆಂಬುದು ವಯಸ್ಸು ಕಲಿಸುವ ಅರ್ಥ.

ಎರಡನೆಯದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಕಡಲತೀರದ ಒಂದು ಮನೆತನದ ಮೂರು ತಲೆಮಾರುಗಳ ಕಥೆಯಿದು. ತರುಣ ಓದುಗರಿಗೆ ಹಳ್ಳಿಗೆ ಮರಳುವ ಮೊಮ್ಮಗ ರಾಮನು ಹತ್ತಿರದವನು. ನಮ್ಮ ಮನಸ್ಸಾದರೋ ಬಾಯಿಬಿಟ್ಟು ದೂರದೆ ದುಡಿದ ಪಾರೋತಿ, ಸರಸೋತಿಯರ ಬಳಿಯೇ ನಿಲ್ಲುತ್ತದೆ. ಕಾಯಕವೆಂಬ ಮಾತನ್ನು ಉಚ್ಚರಿಸದೆಯೇ ಅದನ್ನು ಬಾಳಿದವರು ಅವರು.

ಮೂರನೆಯದು 1956ರಲ್ಲಿ ಪ್ರಕಟವಾದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’. 1983ರ ಜ್ಞಾನಪೀಠ ಪ್ರಶಸ್ತಿಯು ಈ ಕಾದಂಬರಿಯನ್ನು ಮನೆಮನೆಗೆ ಪರಿಚಯಿಸಿತು. 1834ರಲ್ಲಿ ಕೊಡಗು ಕಂಪನಿಯ ವಶವಾದುದು ಎಲ್ಲರಿಗೂ ತಿಳಿದ ಸಂಗತಿ. ಕೊನೆ ತಿಳಿದ ಕಥೆಯಲ್ಲಿ ಕುತೂಹಲವೇನು ಎನ್ನಬಹುದು. ಮೊದಲ ಓದು ಮುಂದೇನಾಯಿತೆಂದು ಓಡುತ್ತದೆ. ಮರು ಓದು ಎಲ್ಲಿ ತಡೆಯಬಹುದಾಗಿತ್ತೆಂದು ನಿಂತು ನೋಡುತ್ತದೆ. ರಾಣಿ ಗೌರಮ್ಮನ ಸಹನೆ, ಮಂತ್ರಿ ಬೋಪಣ್ಣನ ತಳಮಳ ಇವನ್ನು ನಿಧಾನವಾಗಿ ಓದಿದಾಗ, ಅರಮನೆಯೇ ಆಗಲಿ ಗುಡಿಸಲೇ ಆಗಲಿ, ಮನೆಯೊಂದು ಒಂದೇ ದಿನದಲ್ಲಿ ಕೆಡುವುದಿಲ್ಲವೆಂಬುದು ಮನದಟ್ಟಾಗುತ್ತದೆ.

ಕಣ್ಣು ದಣಿದ ಮೇಲೆ ತಮ್ಮನ ಮೊಮ್ಮಗಳು ನಮಗಾಗಿ ಗಟ್ಟಿಯಾಗಿ ಓದುತ್ತಾಳೆ. ಷಟ್ಪದಿಯ ಪದಗಳಲ್ಲಿ ಆಕೆ ಎಡವಿದಲ್ಲಿ ನಾವು ನೆನಪಿನಿಂದ ಹೇಳುತ್ತೇವೆ. ನಮ್ಮ ನೆನಪು ತಪ್ಪಿದಲ್ಲಿ ಆಕೆ ಪುಟ ತೋರಿಸುತ್ತಾಳೆ. ಮುಂದೊಂದು ದಿನ ಅಕ್ಷರಗಳು ಪೂರ್ತಿ ಮಸುಕಾದರೆ ಈ ದನಿಯೇ ನಮ್ಮ ಕಣ್ಣಾದೀತು. ಅಷ್ಟರೊಳಗೆ ಆಕೆಗೂ ಆ ಪದ್ಯಗಳು ತನ್ನವಾಗಿರುತ್ತವೆ.

ಓದುಗ ಬಂಧುಗಳು ತಮ್ಮ ಮನೆಯ ಹಳೆಯ ಪುಸ್ತಕವೊಂದನ್ನು ಈ ರಜೆಯಲ್ಲಿ ಕೆಳಗಿಳಿಸಿ, ಧೂಳು ಒರೆಸಿ, ಊಟವಾದ ಮೇಲೆ ನಾಲ್ಕು ಪುಟ ಗಟ್ಟಿಯಾಗಿ ಓದಿಸಲಿ. ಕೇಳುವವರು ಒಬ್ಬರೇ ಇದ್ದರೂ ಸಾಕು.