ಷಾ ನಜಫ್ ಗೋಡೆಯೆದುರು ಒಬ್ಬ ನಾವಿಕ

ಲಖನೌಗೆ ಹೋದವರು ಬಡಾ ಇಮಾಂಬಾಡಾದ ಭೂಲ್‌ಭುಲಯ್ಯಾದಲ್ಲಿ ದಾರಿ ತಪ್ಪಿ, ಹಜರತ್‌ಗಂಜ್‌ನಲ್ಲಿ ಚಾಟ್ ತಿಂದು, ರಾತ್ರಿ ರೈಲಿಗೆ ದಿಲ್ಲಿಗೆ ಮರಳುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಮೂರನೆಯ ಸಲ ಗೋಮತಿ ದಂಡೆಯ ಬಳಿಯ ಷಾ ನಜಫ್ ಇಮಾಂಬಾಡಾಕ್ಕೆ ಹೋದೆ. ಅವಧದ ದೊರೆ ಗಾಜಿಉದ್ದೀನ್ ಹೈದರ್ ಕಟ್ಟಿಸಿದ್ದು. ಅವನ ಸಮಾಧಿಯೂ ಇಲ್ಲೇ. ಬಿಳಿ ಗುಮ್ಮಟ, ಒಳಗೆ ತೂಗುದೀಪಗಳು, ಎಷ್ಟು ಜನ ಬಂದರೂ ಕದಡದ ಒಂದು ತಂಪು.

ನನ್ನನ್ನು ಅಲ್ಲಿಗೆ ಎಳೆದದ್ದು ವಿಲಿಯಂ ಹಾಲ್ ಎಂಬ ನಾವಿಕ. ಸಮುದ್ರವೇ ಇಲ್ಲದ ಊರಿನಲ್ಲಿ ನಾವಿಕನಿಗೇನು ಕೆಲಸ?

ಗುಲಾಮಗಿರಿಯಿಂದ ಪಾರಾಗಿ ಕೆನಡಾದ ನೋವಾ ಸ್ಕಾಟಿಯಾಕ್ಕೆ ವಲಸೆ ಬಂದ ಆಫ್ರಿಕನ್ ಮೂಲದ ಕುಟುಂಬದ ಮಗ ಆತ. 1852ರಲ್ಲಿ ಬ್ರಿಟಿಷ್ ನೌಕಾಪಡೆ ಸೇರಿದ. ಚೀನಾದತ್ತ ಹೊರಟಿದ್ದ ಅವನ ಹಡಗು ಶಾನನ್, 1857ರ ದಂಗೆಯ ಸುದ್ದಿ ಕೇಳಿ ಕಲ್ಕತ್ತೆಗೆ ತಿರುಗಿತು. ಹಡಗಿನ ಫಿರಂಗಿಗಳನ್ನೇ ಬಿಚ್ಚಿ, ನದಿಯ ಮೇಲೆ ಅಲಹಾಬಾದಿನವರೆಗೆ ಸಾಗಿಸಿ, ಅಲ್ಲಿಂದ ನೆಲದ ಮೇಲೆ ಎಳೆದು ತಂದರು. ನವೆಂಬರ್ 16ರಂದು ಈ ಗೋಡೆಯೆದುರು ಒಂದು ಫಿರಂಗಿಗೆ ಆಳು ಕಮ್ಮಿ ಬಿದ್ದಾಗ ಹಾಲ್ ತಾನೇ ಮುಂದೆ ಬಂದ. ಗೋಡೆಯಿಂದ ಗುಂಡುಗಳು ಸುರಿದವು. ಕೊನೆಗೆ ನಿಂತಿದ್ದವರು ಇಬ್ಬರೇ, ಹಾಲ್ ಮತ್ತು ಲೆಫ್ಟಿನೆಂಟ್ ಥಾಮಸ್ ಯಂಗ್. ಆದರೂ ಮದ್ದು ತುಂಬುವುದು, ಹಾರಿಸುವುದು ನಿಲ್ಲಲಿಲ್ಲ. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಆ ಪದಕ ಪಡೆದ ಮೊದಲ ಕಪ್ಪುವರ್ಣೀಯ ಹಾಲ್. ಅದೇ ಕದನಕ್ಕೆ ಇನ್ನೊಂದು ಪದಕವೂ ಸಿಕ್ಕಿತು: ಹಿಂಬದಿಯ ಗೋಡೆಯಲ್ಲಿದ್ದ ಬಿರುಕನ್ನು ಪತ್ತೆಹಚ್ಚಿದ ಸಾರ್ಜೆಂಟ್ ಪೇಟನ್‌ಗೆ.

ನಿವೃತ್ತನಾದ ಮೇಲೆ ಹಾಲ್ ಊರಲ್ಲಿ ಬೇಸಾಯ ಮಾಡಿಕೊಂಡಿದ್ದು 1904ರಲ್ಲಿ ತೀರಿಕೊಂಡ. ದಶಕಗಳ ಕಾಲ ಅವನ ಗೋರಿಗೊಂದು ಗುರುತಿನ ಕಲ್ಲೂ ಇರಲಿಲ್ಲ. ಈಗ ಕೆನಡಾದ ನೌಕಾಪಡೆಯ ಒಂದು ಹಡಗಿಗೆ ಅವನದೇ ಹೆಸರು.

ಇಷ್ಟು ಓದಿಕೊಂಡು ಹೋಗಿದ್ದರೂ ಗೋಡೆಯೆದುರು ನಿಂತಾಗ ಮನಸ್ಸು ಹೊಯ್ದಾಡಿತು. ಗುಲಾಮರ ಮನೆಯ ಹುಡುಗ ಗೆದ್ದ ಪದಕಕ್ಕೆ ಖುಷಿಪಡಲೇ? ಅವನು ಗುಂಡು ಹಾರಿಸಿದ್ದು ನಮ್ಮವರ ಮೇಲೆ. ಧೈರ್ಯ ಸುಳ್ಳಲ್ಲ, ಆದರೆ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ.

ಅಲ್ಲಿಂದ ನಡೆದೇ ಸಿಕಂದರ್ ಬಾಗ್‌ಗೆ ಹೋದೆ. ಅದೇ ದಿನ, ಷಾ ನಜಫ್‌ಗೆ ಮೊದಲು, ಇಲ್ಲಿ ಸುಮಾರು 2000 ಸಿಪಾಯಿಗಳು ಸತ್ತರು. ಮರದ ಮೇಲೆ ಕೂತು ಗುಂಡು ಹಾರಿಸಿದಳೆಂದು ಜನ ನೆನೆಯುವ ಪಾಸಿ ಸಮುದಾಯದ ಊದಾದೇವಿ ಬಿದ್ದದ್ದೂ ಇಲ್ಲೇ. ಅವಳಿಗೆ ಪದಕ ಕೊಡುವವರು ಯಾರೂ ಇರಲಿಲ್ಲ. ಈಗ ಒಂದು ಪ್ರತಿಮೆ ಇದೆ, ಕೈಯಲ್ಲಿ ಬಂದೂಕು. ನಾನು ಹೋದಾಗ ಕೊರಳಲ್ಲಿ ಒಣಗಿದ ಚೆಂಡುಹೂವಿನ ಹಾರವಿತ್ತು.